ಟೋಪಿ ಹಾಕಿ ಹೋದ ತಂಡಗಳು

ಮೂರು ವಾರ ಕಾದ ಮೇಲೆ ಟೋಪಿ ಬಂತು. ಡಬ್ಬಿ ಬಿಚ್ಚಿ, ತೆಳು ಕಾಗದ ಸರಿಸಿ ನೋಡಿದೆ. ಹೋರಿ ಇರಬೇಕಾದ ಜಾಗದಲ್ಲಿ ಎಮ್ಮೆ ಇತ್ತು.

ಕೊಂಬು ಇದೆ, ಹೊಳ್ಳೆ ಇದೆ, ಸಿಟ್ಟೂ ಇದೆ. ಆದರೆ ಕಸೂತಿ ಹಾಕಿದ ಮೆಷಿನ್ನು ದಾರದ ಮೇಲೆ ದಾರ ಹೊಲಿದು ಹೊಲಿದು ಮುಖವನ್ನು ದಪ್ಪ ಮಾಡಿಬಿಟ್ಟಿದೆ. ಈಗಷ್ಟೇ ಕೆರೆಯಿಂದ ಎದ್ದು ಬಂದು ದಾರಿಗೆ ಅಡ್ಡ ನಿಂತ ಎಮ್ಮೆಯ ಕಳೆ. ಬೆಲೆ 34 ಡಾಲರ್, ಕಳಿಸುವ ಖರ್ಚು ಬೇರೆ 8. ಒಟ್ಟು 42 ಡಾಲರಿಗೆ ಒಂದು ಎಮ್ಮೆ.

ಇದು ಟೂಸಾನ್ ಟೊರೋಸ್ ಬೇಸ್‌ಬಾಲ್ ತಂಡದ ಟೋಪಿ. ಟೊರೋ ಅಂದರೆ ಸ್ಪ್ಯಾನಿಷ್‌ನಲ್ಲಿ ಹೋರಿ. ಆ ತಂಡ ಈಗಿಲ್ಲ. ಇಲ್ಲದ ತಂಡಗಳ ಟೋಪಿಯನ್ನು ಹೊಸದಾಗಿ ಹೊಲಿಸಿ ಮಾರುವ ಆನ್‌ಲೈನ್ ಅಂಗಡಿಗಳಿವೆ, ಅಂಥ ಒಂದರಿಂದ ತರಿಸಿದೆ. ಅಂಗಡಿಯ ಹೆಸರು ಹೇಳುವುದಿಲ್ಲ. ನನ್ನದೂ ಅವರದೂ ಪತ್ರ ವ್ಯವಹಾರ ಇನ್ನೂ ನಡೆಯುತ್ತಿದೆ, ಮಧ್ಯದಲ್ಲಿ ಮರ್ಯಾದೆ ತೆಗೆಯುವುದು ಬೇಡ.

ಈ ನಕಲು ಹೇಗಿದೆ ಎಂದು ಹೇಳಬೇಕಾದರೆ ಅಸಲಿ ಟೋಪಿಗಳ ಪಕ್ಕ ಇಟ್ಟು ನೋಡಬೇಕು, ಅಲ್ವಾ? ಆ ಕೆಲಸಕ್ಕೆ ನಾನು ಸರಿಯಾದ ಆಳು. ನಮ್ಮ ಮುಂಬಾಗಿಲ ಹಿಂದೆ ಸಾಲಾಗಿ ಮೊಳೆ ಹೊಡೆದು ಟೋಪಿ ನೇತು ಹಾಕಿದ್ದೇವೆ. ಬಂದವರು ನೋಡಿ ನನ್ನನ್ನು ದೊಡ್ಡ ಆಟದ ಹುಚ್ಚಿ ಅಂದುಕೊಳ್ಳುತ್ತಾರೆ. ಹುಚ್ಚೇನೂ ಇಲ್ಲ. ಎಲ್ಲ ಬಿಸಿಲಿನ ಕಾಟಕ್ಕೆ ಕೊಂಡಿದ್ದು. ಕೊಂಡ ಒಂದೆರಡು ವರ್ಷಕ್ಕೆ ತಂಡ ಊರು ಬಿಡುತ್ತದೆ, ಟೋಪಿ ನಮ್ಮ ಮನೆಯಲ್ಲಿ ಉಳಿಯುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಒಳ್ಳೆ ಮಾತೇ ಇದೆ. ಟೋಪಿ ಹಾಕಿ ಹೋದರು.

ಗಂಡನ ಓದಿಗೆಂದು ನಾವು ಅರಿಜೋನಾದ ಟೂಸಾನ್‌ಗೆ ಬಂದದ್ದು 2008ರ ಜುಲೈಯಲ್ಲಿ. ಸುಮಾರು ಐದೂವರೆ ಲಕ್ಷ ಜನರ ಊರು. ಸುತ್ತ ಸೊನೋರನ್ ಮರುಭೂಮಿ, ಉತ್ತರಕ್ಕೆ ಕ್ಯಾಟಲೀನಾ ಬೆಟ್ಟ. ಬೇಸಿಗೆಯಲ್ಲಿ 40 ಡಿಗ್ರಿ ಅಂದರೆ ಮಾಮೂಲಿ ದಿನ. ಕಾರಿನ ಸೀಟ್ ಬೆಲ್ಟಿನ ಬಕಲ್ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಆಗ ನಮಗೆ ಕಾರೂ ಇರಲಿಲ್ಲ. ಬಸ್ಸಿಗೆ ಕಾದು ಕಾದು ನೆತ್ತಿ ಕಾದು, ಮೊದಲ ವಾರ ಪೂರ್ತಿ ತಲೆನೋವು. ಗಂಡನ ಲ್ಯಾಬಿನವರು ಯಾರೋ ಎರಡು ಬೇಸ್‌ಬಾಲ್ ಟಿಕೆಟ್ ಕೊಟ್ಟರು. ಸುಮ್ನೆ ಹೋದೆವು. ಅಲ್ಲಿನ ಅಂಗಡಿಯಲ್ಲಿ ಟೋಪಿಗಳು ಅರ್ಧ ಬೆಲೆಗೆ ಇದ್ದವು. ನಾನು ಒಂದು ಎತ್ತಿಕೊಂಡೆ. ಅರ್ಧ ಬೆಲೆ ಯಾಕೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ಅದು ಟೂಸಾನ್ ಸೈಡ್‌ವೈಂಡರ್ಸ್ ಟೋಪಿ. ಸೈಡ್‌ವೈಂಡರ್ ಅಂದರೆ ಮರಳಿನ ಮೇಲೆ ಓರೆಯಾಗಿ ಹರಿಯುವ ಒಂದು ಜಾತಿಯ ವಿಷದ ಹಾವು. ನಾನು ಟೋಪಿ ಕೊಂಡ ತಿಂಗಳಿಗೇ ಹಾವು ಊರು ಬಿಟ್ಟಿತು. ಆ ಸೀಸನ್ನೇ ಕೊನೆ. ತಂಡವನ್ನು ಮಾರಿಯಾಗಿತ್ತು, 2009ರಲ್ಲಿ ಅದು ನೆವಾಡಾದ ರೀನೋ ಊರಲ್ಲಿ ರೀನೋ ಏಸಸ್ ಎಂಬ ಹೆಸರಲ್ಲಿ ಆಡತೊಡಗಿತು.

ಸೋತು ಸುಣ್ಣವಾಗಿ ಹೋಗಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ಆದರೆ ಇದೇ ತಂಡ 2006ರಲ್ಲಿ ಪೆಸಿಫಿಕ್ ಕೋಸ್ಟ್ ಲೀಗ್ ಗೆದ್ದು, ಆಮೇಲೆ ಒಕ್ಲಹೋಮ ಸಿಟಿಯಲ್ಲಿ ಟೊಲಿಡೋ ತಂಡವನ್ನು ಸೋಲಿಸಿ, ಇಡೀ ಟ್ರಿಪಲ್-ಎ ಮಟ್ಟದ ಚಾಂಪಿಯನ್ ಆಗಿತ್ತು. ಟ್ರಿಪಲ್-ಎ ಅಂದರೆ ಇಲ್ಲಿನ ಬೇಸ್‌ಬಾಲಿನ ತುತ್ತತುದಿಯಾದ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗೆ. ಚಾಂಪಿಯನ್ ಆದ ಎರಡು ವರ್ಷಕ್ಕೆ ಗಂಟುಮೂಟೆ.

ಇಲ್ಲಿನ ಲೆಕ್ಕಾಚಾರ ನನಗೆ ಅರ್ಥವಾಗಲು ಸಮಯ ಹಿಡಿಯಿತು. ಟ್ರಿಪಲ್-ಎ ತಂಡದ ಆಟಗಾರರಿಗೂ ಕೋಚ್‌ಗಳಿಗೂ ಸಂಬಳ ಕೊಡುವುದು ಮೇಲಿನ ದೊಡ್ಡ ತಂಡ. ಸೈಡ್‌ವೈಂಡರ್ಸ್‌ಗೆ ಅದು ಫೀನಿಕ್ಸ್‌ನ ಡೈಮಂಡ್‌ಬ್ಯಾಕ್ಸ್. ಯಾರು ಆಡಬೇಕು, ಯಾರನ್ನು ನಾಳೆ ಬೆಳಿಗ್ಗೆ ಮೇಲಕ್ಕೆ ಕರೆಸಿಕೊಳ್ಳಬೇಕು, ಎಲ್ಲ ಅವರ ಇಷ್ಟ. ಊರಲ್ಲಿರುವ ಮಾಲೀಕರ ಕೈಯಲ್ಲಿರುವುದು ಟಿಕೆಟ್, ಕಡಲೆಕಾಯಿ, ಬಿಯರು ಮತ್ತು ಟೋಪಿ. ಆಟ ಗೆದ್ದರೂ ಸೋತರೂ ಅವರ ಹೊಟ್ಟೆಪಾಡು ನಡೆಯುವುದು ಇದರಿಂದ. ಬೇರೆ ಊರಿನವರು ಪೇಟೆ ಮಧ್ಯದಲ್ಲೇ ಹೊಸ ಮೈದಾನ ಕಟ್ಟಿಸುತ್ತೇವೆ ಬನ್ನಿ ಎಂದರೆ ಕಾಲು ಕೀಳದೆ ಇರುತ್ತಾರಾ? ರೀನೋದವರು ಹಾಗೇ ಕಟ್ಟಿದರು. ನಮ್ಮಲ್ಲಿದ್ದ ಮೈದಾನ ಊರಿನ ದಕ್ಷಿಣದಲ್ಲಿ, ಹೆದ್ದಾರಿಯ ಹತ್ತಿರ. ಆಗ ಅದರ ಹೆಸರು ಟೂಸಾನ್ ಎಲೆಕ್ಟ್ರಿಕ್ ಪಾರ್ಕ್, ಶುರುವಾಗಿದ್ದು 1998ರಲ್ಲಿ. 11 ಸಾವಿರ ಜನ ಹಿಡಿಯುವ ಜಾಗ. ಆಟ ಮುಗಿದ ಮೇಲೆ ಒಂದು ಕಾಫಿ ಕುಡಿಯೋಣ ಎಂದರೂ ನಡೆಯುವಷ್ಟು ದೂರದಲ್ಲಿ ಏನೂ ಇರಲಿಲ್ಲ. ಸಂಜೆ ಏಳಕ್ಕೆ ಆಟ ಶುರು, ಆಗಲೂ ಕಬ್ಬಿಣದ ಕಂಬಿ ಬಿಸಿ.

ಟೋಪಿಗೆ ಬರುತ್ತೇನೆ. ಆ ಹಾವಿನ ಟೋಪಿಗೆ ಹದಿನಾರು ವರ್ಷ ದಾಟಿದೆ. ಕೊಂಡಾಗ ಯಾವ ಬಣ್ಣವಿತ್ತು ಎಂದು ತಿಳಿಯಬೇಕಾದರೆ ಬೆವರು ಪಟ್ಟಿ ಮಡಚಿ ಒಳಗೆ ನೋಡಬೇಕು. ಬಿಸಿಲು ತಾಗದ ಆ ಬೆರಳಗಲ ಬಟ್ಟೆಯಲ್ಲಿ ಮಾತ್ರ ಹಳೇ ಬಣ್ಣ ಉಳಿದಿದೆ. ಹೊರಗೆಲ್ಲ ಒಣಗಿದ ಮಣ್ಣಿನ ಹಾಗೆ. ಪಟ್ಟಿಯ ಮೇಲೆ ಬೆವರಿನ ಉಪ್ಪು ಒಣಗಿ ಬಿಳಿ ಗೆರೆ ಎದ್ದಿದೆ, ಅಂಕುಡೊಂಕಾಗಿ, ಭೂಪಟದಲ್ಲಿ ಕಡಲ ತೀರ ಬರೆದ ಹಾಗೆ. ಒಗೆದರೆ ಹೋಗುತ್ತದೆ, ಎರಡು ದಿನಕ್ಕೆ ಅಲ್ಲಿಗೇ ಬರುತ್ತದೆ. ಆದರೆ ಕಸೂತಿಯ ಒಂದು ಎಳೆಯೂ ಕಿತ್ತಿಲ್ಲ. ಮುಂದಿನ ಚಾಚು ಬಗ್ಗಿಸಿದ ಹಾಗೆ ನಿಂತಿದೆ. ಐದಕ್ಕೆ ಐದು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಈ ಊರಲ್ಲೇ ಹುಟ್ಟಿ ಬೆಳೆದವರು, ಈಗ ಒಬ್ಬರೇ. ಆ ಟೋಪಿ ಹಾಕಿಕೊಂಡು ಕಸದ ಡಬ್ಬ ತಳ್ಳುತ್ತಿದ್ದಾಗ ಅವರು ನನ್ನನ್ನು ಮೊದಲ ಸಲ ಮಾತಾಡಿಸಿದ್ದು. "ಆ ಹಾವು ಹೋಯಿತಲ್ಲಮ್ಮ. ಹೋಗಲಿ ಬಿಡು. ಅದಕ್ಕಿಂತ ಮೊದಲು ನಮ್ಮ ಹತ್ತಿರ ಹೋರಿ ಇತ್ತು" ಅಂದರು. ಅವತ್ತು ಕಸದ ಡಬ್ಬದ ಪಕ್ಕ ನಿಂತು ಮುಕ್ಕಾಲು ಗಂಟೆ ಹೋರಿಯ ಕಥೆ ಕೇಳಿದೆ.

ಟೊರೋಸ್ 1969ರಿಂದ 1997ರ ತನಕ ಟ್ರಿಪಲ್-ಎ ಆಡಿದ ತಂಡ. ಇಪ್ಪತ್ತೊಂಬತ್ತು ಸೀಸನ್. ಈ ಊರಿನ ಲೆಕ್ಕಕ್ಕೆ ಅದು ದೀರ್ಘಾಯುಷ್ಯ. ಮೇಲಿನ ಯಜಮಾನರು ಮಾತ್ರ ಬದಲಾಗುತ್ತಲೇ ಇದ್ದರು. ಮೊದಲು ಶಿಕಾಗೋ, ಆಮೇಲೆ ಓಕ್ಲೆಂಡ್, ಟೆಕ್ಸಸ್, ಹ್ಯೂಸ್ಟನ್, ಕೊನೆಯ ಒಂದು ವರ್ಷ ಮಿಲ್ವಾಕಿ. 1991ರಲ್ಲೂ 1993ರಲ್ಲೂ ಲೀಗ್ ಗೆದ್ದರು. 91ರ ತಂಡದಲ್ಲಿ ಕೆನ್ನಿ ಲಾಫ್ಟನ್ ಇದ್ದ. ಇದೇ ಊರಿನ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಆಡಲು ಬಂದ ಹುಡುಗ, ಬೇಸ್‌ಬಾಲಿಗೆ ಹೊರಳಿ ಮೇಜರ್ ಲೀಗಿನಲ್ಲಿ ದೊಡ್ಡ ಹೆಸರು ಮಾಡಿದವನು. ಅವನು ಓಡುವುದನ್ನು ಅಜ್ಜ ಹೇಳುವಾಗ ಎಡಗೈಯಲ್ಲಿ ಗಾಳಿಯನ್ನು ಸವರಿ ತೋರಿಸುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಅವರ ಹೋರಿ ಟೋಪಿ ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತಂತೆ. ಈ 42 ಡಾಲರ್ ಖರ್ಚಿನ ಮೂಲ ಅದೇ. ಮುಂದಿನ ತಿಂಗಳು ಅವರಿಗೆ ಎಂಬತ್ತು ತುಂಬುತ್ತದೆ.

ಹಾವು ಹೋದ ಮರುವರ್ಷವೇ ಹೋರಿಯ ಹೆಸರನ್ನು ಮತ್ತೆ ಎಬ್ಬಿಸಿದರು. 2009, 2010, ಎರಡೇ ವರ್ಷ. ಈ ಸಲ ಯಾವ ದೊಡ್ಡ ತಂಡದ ನೆರಳೂ ಇಲ್ಲದ ಗೋಲ್ಡನ್ ಬೇಸ್‌ಬಾಲ್ ಲೀಗಿನಲ್ಲಿ. ಆಡುತ್ತಿದ್ದದ್ದು ಹೈ ಕಾರ್ಬೆಟ್ ಮೈದಾನದಲ್ಲಿ. 1937ರ ಹಳೇ ಮೈದಾನ, ಊರ ನಡುವಿನ ರೀಡ್ ಪಾರ್ಕಿನಲ್ಲಿದೆ, ಪಕ್ಕದಲ್ಲೇ ಮೃಗಾಲಯ. ನನಗೆ ಬೇಸ್‌ಬಾಲ್ ಅಲ್ಪಸ್ವಲ್ಪ ಅರ್ಥವಾಗಿದ್ದು ಅಲ್ಲೇ. ಅಜ್ಜ ಕರೆದುಕೊಂಡು ಹೋಗಿ ಕಲಿಸಿದರು. ಕ್ರಿಕೆಟ್ ನೋಡಿ ಬೆಳೆದವಳಿಗೆ ಬ್ಯಾಟು ಬೀಸಿ ಕೆಟ್ಟ ಕಡೆ ಹೊಡೆದರೆ ರನ್ ಇಲ್ಲ ಅನ್ನುವುದೇ ದೊಡ್ಡ ಅನ್ಯಾಯವಾಗಿ ಕಂಡಿತ್ತು. ವಿಕೆಟ್ ಹಿಂದೆ ನಾಲ್ಕು ಹೋದರೆ ನಾವು ಚಪ್ಪಾಳೆ ಹೊಡೆಯುವವರಲ್ವಾ? ಇವರಿಗೆ ಅದು ಫೌಲು.

ಆ ಎರಡನೇ ಜನ್ಮದ ಟೋಪಿಯನ್ನು ನಾನು ಕೊಳ್ಳಲಿಲ್ಲ. ತಲೆ ಮೇಲೆ ಹಾವು ಇತ್ತಲ್ಲ, ಇನ್ನೊಂದು ಯಾಕೆ ಅನ್ನಿಸಿತ್ತು. ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ. ಅವತ್ತು ಕೊಂಡಿದ್ದರೆ ಇವತ್ತು ಅಜ್ಜನಿಗೆ ಕೊಡಬಹುದಿತ್ತು.

ಇದೇ ಹೊತ್ತಿಗೆ ಊರಿಗೆ ಇನ್ನೊಂದು ಪೆಟ್ಟು ಬಿತ್ತು. 1947ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ವಸಂತ ಕಾಲದ ಅಭ್ಯಾಸಕ್ಕೆ ಇಲ್ಲಿಗೆ ಬರತೊಡಗಿದಾಗಿನಿಂದ ಪ್ರತಿ ಮಾರ್ಚಿನಲ್ಲಿ ದೊಡ್ಡ ಆಟಗಾರರನ್ನು ಹತ್ತಿರದಿಂದ ನೋಡುವ ಭಾಗ್ಯ ಈ ಊರಿಗಿತ್ತು. ಉಳಿದ ತಂಡಗಳು ಒಂದೊಂದಾಗಿ ಫೀನಿಕ್ಸ್ ಸುತ್ತ ಸೇರಿಕೊಂಡವು. ಒಂದು ಅಭ್ಯಾಸದ ಪಂದ್ಯಕ್ಕೆ 180 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಟೂಸಾನ್‌ಗೆ ಬರಲು ಯಾರಿಗೂ ಮನಸ್ಸಿರಲಿಲ್ಲ. 2010ರ ಮಾರ್ಚ್ ಮುಗಿದ ಮೇಲೆ ಡೈಮಂಡ್‌ಬ್ಯಾಕ್ಸ್, ಕೊಲರಾಡೋದ ರಾಕೀಸ್ ಎರಡೂ ಹೊರಟವು. ಎರಡು ಮೈದಾನ, ಎರಡೂ ಖಾಲಿ. ತಮಾಷೆ ನೋಡಿ, 2012ರಲ್ಲಿ ವಿಶ್ವವಿದ್ಯಾಲಯದ ಹುಡುಗರು ಹೈ ಕಾರ್ಬೆಟ್‌ಗೆ ಬಂದು ಆಡತೊಡಗಿದರು, ಅದೇ ವರ್ಷ ದೇಶದ ಕಾಲೇಜು ಚಾಂಪಿಯನ್ ಆದರು. ಮೈದಾನದಲ್ಲಿ ದೋಷ ಇರಲಿಲ್ಲ.

ಎರಡನೇ ಮೊಳೆಯಲ್ಲಿರುವುದು ಟೂಸಾನ್ ಪಾಡ್ರೆಸ್ ಟೋಪಿ. 2011ರಿಂದ 2013. ಪಾಡ್ರೆ ಅಂದರೆ ನಮ್ಮ ಪಾದ್ರಿಯೇ, ಪದವೂ ಅದೇ, ಅರ್ಥವೂ ಅದೇ. ನಮ್ಮ ಮನೆಯಲ್ಲಿ ಇದನ್ನು ಪಾದ್ರಿ ಟೋಪಿ ಎಂದೇ ಕರೆಯುವುದು. ಆ ಹೊತ್ತಿಗೆ ದಕ್ಷಿಣದ ಮೈದಾನಕ್ಕೆ ಕಿನೋ ಎಂಬ ಹೆಸರು ಬಂದಿತ್ತು, ಮುನ್ನೂರು ವರ್ಷದ ಹಿಂದೆ ಈ ಸೀಮೆಯಲ್ಲಿ ಓಡಾಡಿದ ಪಾದ್ರಿ ಕಿನೋ ಹೆಸರು. ಪಾದ್ರಿಯ ಮೈದಾನದಲ್ಲಿ ಪಾದ್ರಿಗಳ ತಂಡ. ಜೋಡಿ ಹೊಂದಿತು ಎಂದು ನಾವು ಖುಷಿಪಟ್ಟೆವು.

ಆದರೆ ಅವರು ಬಂದಿದ್ದೇ ಬಾಡಿಗೆಗೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಇವರು ಆಡುತ್ತಿದ್ದ ಮೈದಾನ ಫುಟ್‌ಬಾಲ್ ಪಾಲಾಯಿತು. ಕ್ಯಾಲಿಫೋರ್ನಿಯಾದ ಎಸ್ಕೊಂಡಿಡೋದಲ್ಲಿ ಹೊಸ ಮೈದಾನ ಕಟ್ಟುವ ತನಕ ಟೂಸಾನ್‌ನಲ್ಲಿ ಇರಿ ಅಂತ ಏರ್ಪಾಡು. ಸ್ವಂತ ಮನೆ ಕಟ್ಟುವ ತನಕ ಔಟ್‌ಹೌಸಿನಲ್ಲಿ ಇದ್ದ ಹಾಗೆ. ಅಷ್ಟರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅಂಥ ಕಟ್ಟಡಗಳಿಗೆ ಹೋಗುತ್ತಿದ್ದ ದುಡ್ಡಿನ ಬಾಗಿಲು ಮುಚ್ಚಿತು, ಎಸ್ಕೊಂಡಿಡೋ ಮನೆ ಏಳಲೇ ಇಲ್ಲ. ಹಾಗಾದರೆ ಇಲ್ಲೇ ಉಳಿಯುತ್ತಾರೆ ಎಂದು ನಾವು ಆಸೆಪಟ್ಟೆವು. ಟೆಕ್ಸಸ್‌ನ ಎಲ್ ಪಾಸೋದವರು ತಂಡವನ್ನು ಕೊಂಡರು. ಕೊಂಡದ್ದು ಮಾತ್ರವಲ್ಲ, ಮೈದಾನಕ್ಕೆ ಜಾಗ ಬೇಕೆಂದು 2013ರ ಏಪ್ರಿಲ್‌ನಲ್ಲಿ ತಮ್ಮ ಸಿಟಿ ಹಾಲನ್ನೇ ಸಿಡಿಮದ್ದು ಇಟ್ಟು ಉರುಳಿಸಿದರು. ಅಷ್ಟು ಹಠ ಇದ್ದವರ ಮುಂದೆ ನಾವೇನು? ಪಾದ್ರಿಗಳು 2014ರಲ್ಲಿ ಎಲ್ ಪಾಸೋ ಚಿವಾವಾಸ್ ಆದರು. ಅಂಗೈ ಅಗಲದ ನಾಯಿಯ ಹೆಸರು.

ನನಗೆ ಆ ಮೂರು ವರ್ಷವೇ ಎಲ್ಲಕ್ಕಿಂತ ಇಷ್ಟ. 2011ರಲ್ಲಿ ಆಂಥನಿ ರಿಜ್ಜೋ ಎಂಬ ಹುಡುಗ ಇಲ್ಲಿ 93 ಪಂದ್ಯಗಳಲ್ಲಿ 26 ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನ ಹಾಗೆ ಬೇಲಿ ದಾಟುವ ಹೊಡೆತ, ಹೊಡೆದ. ಒಣ ಹವೆ, ಸಮುದ್ರದಿಂದ ಏಳುನೂರು ಮೀಟರಿಗೂ ಮೇಲಿನ ಊರು, ಚೆಂಡು ಸ್ವಲ್ಪ ಜಾಸ್ತಿಯೇ ಹಾರುತ್ತದೆ. ಆದರೂ ಅವನದು ಬೇರೆ ಥರ. ಸದ್ದು ಕೇಳಿದ ತಕ್ಷಣ ಬೇಲಿ ಕಾಯುವವನು ಓಡುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. 2016ರಲ್ಲಿ ಶಿಕಾಗೋ ಕಬ್ಸ್ 108 ವರ್ಷದ ಬರ ಮುಗಿಸಿ ವರ್ಲ್ಡ್ ಸೀರೀಸ್ ಗೆದ್ದಾಗ ಕೊನೆಯ ಚೆಂಡು ಹಿಡಿದು ಜೇಬಿಗೆ ಹಾಕಿಕೊಂಡವನು ಇದೇ ರಿಜ್ಜೋ. ಟಿವಿ ಮುಂದೆ ನಾನು ಕೂಗಿದ ಕೂಗಿಗೆ ಮಗ ಎದ್ದು ಅಳತೊಡಗಿದ.

ಜುಲೈ ಬಂತೆಂದರೆ ಇಲ್ಲಿ ಮಳೆಗಾಲ. ಒಂದು ಸಂಜೆ ಕಿನೋದಲ್ಲಿ ಆಟ ನಡೆಯುತ್ತಿದ್ದಾಗ ದಕ್ಷಿಣದ ಕಡೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಮೊದಲು ದೂಳು ಬಂತು. ಆಮೇಲೆ ಮಳೆಯ ವಾಸನೆ. ಮರುಭೂಮಿಯ ಮಳೆ ವಾಸನೆ ಬೇರೆಯೇ, ಕ್ರಿಯೋಸೋಟ್ ಎಂಬ ಕುರುಚಲು ಗಿಡದ ಎಲೆ ನೆನೆದಾಗ ಬರುವ ಕಟುವಾದ ಪರಿಮಳ. ಸಿಬ್ಬಂದಿ ಟಾರ್ಪಾಲು ಎಳೆದುಕೊಂಡು ಓಡಿದರು, ಗಾಳಿ ಅದನ್ನು ಕಿತ್ತುಕೊಂಡು ನಾಲ್ಕು ಜನರನ್ನೂ ಜೊತೆಗೆ ಎಳೆಯಿತು. ನಾವು ಅಲ್ಲಲ್ಲಿ ಕೂತಿದ್ದ ಕೆಲವೇ ಜನ ಎದ್ದು ಚಪ್ಪಾಳೆ ಹೊಡೆದೆವು. ಪಾದ್ರಿ ಟೋಪಿ ಅವತ್ತು ತೊಪ್ಪೆಯಾಯಿತು. ಮರುದಿನ ಒಣಗಿದ ಮೇಲೆ ಒಂದು ಸುತ್ತು ಚಿಕ್ಕದಾಗಿತ್ತು. ಹಿಂದೆ ಪಟ್ಟಿ ಇಲ್ಲದ, ಅಳತೆಗೆ ಹೊಲಿದ ಉಣ್ಣೆ ಟೋಪಿ ನೆನೆದರೆ ಹಾಗೇ ಆಗುವುದು, ಅದು ನನ್ನ ತಪ್ಪು. ಈಗ ಮಗನ ತಲೆಗೆ ಸರಿಯಾಗಿ ಕೂರುತ್ತದೆ. ನಾಲ್ಕು ಸ್ಟಾರ್.

ಮೂರನೇ ಮೊಳೆಯದು ಟೋಪಿಯೂ ಅಲ್ಲ, ಕುಲಾವಿ. ಮೇಲೆ ಕುಚ್ಚು ಬೇರೆ. ಮರುಭೂಮಿಯಲ್ಲಿ ಉಣ್ಣೆ ಕುಲಾವಿ ಯಾರು ಕೊಳ್ಳುತ್ತಾರೆ ಅಂದರೆ ಐಸ್ ಹಾಕಿ ನೋಡಲು ಹೋಗಿ ನಡುಗಿದವರು. 2016ರಲ್ಲಿ ಟೂಸಾನ್ ರೋಡ್‌ರನ್ನರ್ಸ್ ಹಾಕಿ ತಂಡ ಬಂತು. ರೋಡ್‌ರನ್ನರ್ ಅಂದರೆ ನೆಲದ ಮೇಲೆ ಓಡಾಡುವ ಒಂದು ಮರುಭೂಮಿ ಹಕ್ಕಿ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ತಂಡವನ್ನು ಮೇಲಿನ ದೊಡ್ಡ ಹಾಕಿ ತಂಡವಾದ ಅರಿಜೋನಾ ಕಯೋಟೀಸ್‌ನವರು ಕೊಂಡು ಇಲ್ಲಿಗೆ ತಂದರು. ಅಕ್ಟೋಬರಿನಲ್ಲಿ ಹೊರಗೆ 33 ಡಿಗ್ರಿ, ಒಳಗೆ ಹೆಜ್ಜೆಯಿಟ್ಟರೆ ಮಂಜಿನ ಗುಡ್ಡೆ. ಮೊದಲ ಪಂದ್ಯಕ್ಕೆ ಹತ್ತಿ ಕುರ್ತಾದಲ್ಲಿ ಹೋಗಿ ಎರಡನೇ ಪಿರಿಯಡ್‌ಗೆ ನನ್ನ ಹಲ್ಲು ಕಟಕಟ. ಕುಲಾವಿ ಕೊಂಡೆ. ಬೆಚ್ಚಗಿದೆ, ಕೆರೆಯುವುದಿಲ್ಲ, ವರ್ಷದಲ್ಲಿ ಒಟ್ಟು ಇಪ್ಪತ್ತು ಗಂಟೆ ಉಪಯೋಗ.

ಈ ಹಕ್ಕಿಯೂ ಹಾರಬೇಕಾಗಿತ್ತು. 2024ರ ಏಪ್ರಿಲ್‌ನಲ್ಲಿ ಮೇಲಿನ ತಂಡ ಕಯೋಟೀಸ್ ಅರಿಜೋನಾವನ್ನೇ ಬಿಟ್ಟು ಯೂಟಾಗೆ ಹೋಯಿತು. ಕೆಳಗಿನ ತಂಡವನ್ನು ಫೀನಿಕ್ಸ್ ಕಡೆಗೆ ಎಳೆದುಕೊಳ್ಳುತ್ತಾರಂತೆ ಎಂಬ ಮಾತು ಎದ್ದಾಗ ನಾನು ಕುಲಾವಿಯನ್ನು ಒಗೆದು ಮಡಚಿ ಎತ್ತಿಡಲು ತಯಾರಾಗಿದ್ದೆ. ಅಭ್ಯಾಸಬಲ. ಸದ್ಯಕ್ಕೆ ಹಕ್ಕಿ ಇಲ್ಲೇ ಇದೆ.

ಐಸ್ ಹಾಕಿ ಅಂದಾಗ ಅಜ್ಜನ ಮನೆಯ ಅಪರೂಪದ ಒಡವೆಯ ಬಗ್ಗೆ ಹೇಳಬೇಕು. ಅವರ ಗ್ಯಾರೇಜಿನಲ್ಲಿ ಬಣ್ಣದ ಡಬ್ಬಗಳ ಮೇಲೆ ಟೂಸಾನ್ ಗಿಲಾ ಮಾನ್‌ಸ್ಟರ್ಸ್ ಟೋಪಿ ಇದೆ. ಗಿಲಾ ಮಾನ್‌ಸ್ಟರ್ ಅಂದರೆ ಈ ಮರುಭೂಮಿಯ ವಿಷದ ಹಲ್ಲಿ, ನಮ್ಮ ಉಡದ ದೂರದ ಸಂಬಂಧಿ ಅನ್ನಿ. ವೆಸ್ಟ್ ಕೋಸ್ಟ್ ಹಾಕಿ ಲೀಗಿನ ಆ ತಂಡ 1997ರಲ್ಲಿ ಶುರುವಾಯಿತು. ಎರಡನೇ ಸೀಸನ್ನಿನ ಮಧ್ಯದಲ್ಲೇ ಮುಚ್ಚಿತು. ಮಧ್ಯದಲ್ಲೇ! ಇಂಟರ್ವಲ್ಲಿಗೆ ಎದ್ದು ಹೋದ ಹಾಗೆ. ನಿಜವಾದ ಹಲ್ಲಿ ವರ್ಷದ ಬಹುಪಾಲು ಬಿಲದೊಳಗೆ ಮಲಗಿರುತ್ತದೆ. ತಂಡವೂ ಹಾಗೇ ಮಲಗಿದೆ, ಏಳಬಹುದು ಎಂದು ಅಜ್ಜ ಹೇಳುತ್ತಾರೆ. ಆ ಟೋಪಿಯ ಗುಣಮಟ್ಟ ಹೇಳಲಾರೆ. ಬಿಳಿ ಬಣ್ಣ ಬಳಿಯುವಾಗ ಹಾಕಿಕೊಂಡು ಅವರು ಅದರ ಗತಿ ಕಾಣಿಸಿದ್ದಾರೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಎಫ್‌ಸಿ ಟೂಸಾನ್ ಫುಟ್‌ಬಾಲ್ ಟೋಪಿ ಗಂಡನದು. ಆ ತಂಡ 2019ರಿಂದ 2022ರ ತನಕ ಒಂದು ಮೆಟ್ಟಿಲು ಮೇಲೆ ಹತ್ತಿ ವೃತ್ತಿಪರ ಲೀಗಿನಲ್ಲಿ ಆಡಿ, ಮತ್ತೆ ಕೆಳಗಿಳಿದು ಹಳೇ ಜಾಗದಲ್ಲಿ ಕೂತಿತು. ಊರು ಬಿಡಲಿಲ್ಲ, ಅದಕ್ಕೇ ಒಂದು ಸ್ಟಾರ್ ಜಾಸ್ತಿ. ಶುಗರ್ ಸ್ಕಲ್ಸ್ ಎಂಬ ಒಳಾಂಗಣ ಅಮೆರಿಕನ್ ಫುಟ್‌ಬಾಲ್ ತಂಡ 2019ರಲ್ಲಿ ಬಂತು, ನಾನು ಒಂದೇ ಸಲ ಹೋಗಿದ್ದು, ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. 2016ರಿಂದ ಪೀಕೋಸ್ ಲೀಗಿನಲ್ಲಿ ಟೂಸಾನ್ ಸಾವಾರೋಸ್ ಬೇಸ್‌ಬಾಲ್ ತಂಡ ಇದೆ. ಅಲ್ಲಿ ಹುಡುಗರಿಗೆ ಸಿಗುವ ಸಂಬಳ ಹೆಸರಿಗಷ್ಟೇ, ಯಾರೋ ಒಬ್ಬ ಆಯ್ಕೆದಾರ ನೋಡಲಿ ಎಂಬ ಆಸೆಗೆ ಆ ಬಿಸಿಲಲ್ಲಿ ಆಡುತ್ತಾರೆ. ಸಾವಾರೋ ಅಂದರೆ ಕೈ ಎತ್ತಿ ನಿಂತ ಆ ದೊಡ್ಡ ಕಳ್ಳಿ. ಮೊದಲ ಕೈ ಚಿಗುರಲು ಅದಕ್ಕೆ ಐವತ್ತು ವರ್ಷ ಮೇಲೆ ಬೇಕು. ಈ ಊರಲ್ಲಿ ತಂಡಕ್ಕೆ ಆ ಹೆಸರಿಟ್ಟವರ ಧೈರ್ಯ ದೊಡ್ಡದು.

ಸರಿ, ಎಮ್ಮೆ ಟೋಪಿಗೆ ವಾಪಸ್. ಕೊಡುವ ಮೊದಲು ಹದಿನೈದು ದಿನ ಪರೀಕ್ಷೆ ಮಾಡಿದೆ. ಅಜ್ಜನಿಗೆ ಕೊಡುವ ವಸ್ತು, ನನ್ನ ತಲೆಯ ಮೇಲೆ ಮೊದಲು ಕೆಡಲಿ ಅಂತ.

ಬಟ್ಟೆ ಒಳ್ಳೆಯದು. ಹತ್ತಿಯದು, ಗಾಳಿ ಆಡುತ್ತದೆ. ಒಳಗಿನ ಹೊಲಿಗೆಗಳ ಮೇಲೆ ಪಟ್ಟಿ ಕೂರಿಸಿದ್ದಾರೆ, ಹಣೆಗೆ ದಾರ ಚುಚ್ಚುವುದಿಲ್ಲ. ಹಿಂದಿನ ಪಟ್ಟಿ ಚರ್ಮದ್ದು, ಪಿತ್ತಾಳೆ ಬಣ್ಣದ ಬಕಲ್. ಇಲ್ಲೇ ಎಡವಟ್ಟು. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ಗಂಟೆ ಬಿಟ್ಟು ಹೋಗಿ ಬಂದು ಹಾಕಿಕೊಂಡೆ. ಕತ್ತಿನ ಹಿಂದೆ ಬಕಲ್ ತಾಗಿದ ಕಡೆ ಈಗಲೂ ಸಣ್ಣ ಕೆಂಪು ಗುರುತು ಇದೆ. ಮರುಭೂಮಿಯ ಊರಿನ ಟೋಪಿಗೆ ಲೋಹ ಹಚ್ಚಿದವರು ಇಲ್ಲಿಗೆ ಒಂದು ದಿನವೂ ಬಂದಿರಲಾರರು.

ತಣ್ಣೀರಲ್ಲಿ ಕೈಯಲ್ಲೇ ಒಗೆದು, ದೋಸೆ ಹಿಟ್ಟಿನ ಸ್ಟೀಲ್ ಪಾತ್ರೆಯ ಮೇಲೆ ಕವುಚಿ ನೆರಳಲ್ಲಿ ಒಣಗಿಸಿದೆ. ಬಣ್ಣ ಬಿಡಲಿಲ್ಲ, ಆಕಾರವೂ ಕೆಡಲಿಲ್ಲ. ಆದರೆ ಹೋರಿಯ ಎಡಗೊಂಬಿನ ತುದಿಯಲ್ಲಿ ದಾರ ಎದ್ದಿತು. ಎಳೆಯಬಾರದು ಎಂದು ಗೊತ್ತು, ಎಳೆದೆ. ಅರ್ಧ ಕೊಂಬು ಕೈಗೆ ಬಂತು. ನಾನೇ ಸೂಜಿ ಹಿಡಿದು ಹೊಲಿದೆ. ನಿಜ ಹೇಳುತ್ತೇನೆ, ನಾನು ಹೊಲಿದ ಕೊಂಬೇ ಹೋರಿಯ ಹಾಗೆ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಟೋಪಿಯ ಜೊತೆ ಬಂದ ಚೀಟಿ ನೋಡಿ. ದಪ್ಪ ಕಾಗದ, ಚೆಂದದ ಅಕ್ಷರ. ತಂಡದ ಆಯುಷ್ಯ 1969ರಿಂದ 1997 ಎಂದು ಬರೆದಿದ್ದಾರೆ. ಅಲ್ಲ, 2009 ಮತ್ತು 2010 ಎಲ್ಲಿ ಹೋಯಿತು? ನಾನು ಹೈ ಕಾರ್ಬೆಟ್‌ನಲ್ಲಿ ಕಡಲೆಕಾಯಿ ಸಿಪ್ಪೆ ಉಗುಳುತ್ತಾ ಫೌಲು ಕಲಿತ ಆ ಎರಡು ಬೇಸಿಗೆ ಲೆಕ್ಕಕ್ಕೇ ಇಲ್ಲವಾ? ಅಂಗಡಿಯವರಿಗೆ ಬರೆದೆ. ಮುಖ ದಪ್ಪವಾಗಿದೆ, ಕೊಂಬು ಕಿತ್ತಿದೆ, ಚೀಟಿ ತಪ್ಪಾಗಿದೆ, ಮೂರೂ ಬರೆದೆ, ಫೋಟೋ ಹಚ್ಚಿದೆ. ಎರಡು ದಿನದಲ್ಲಿ ನಯವಾದ ಉತ್ತರ ಬಂತು. ಕೊಂಬಿಗೆ ಕ್ಷಮೆ. ಚೀಟಿಯ ಬಗ್ಗೆ ಮೌನ. ಪರಿಹಾರವಾಗಿ ಮುಂದಿನ ಟೋಪಿಗೆ 10 ಡಾಲರ್ ರಿಯಾಯಿತಿ. ಇನ್ನೊಂದು ಟೋಪಿ ಹಾಕಲು ನನಗೇ ಕೂಪನ್ನು! ದುಡ್ಡು ಬೇಡ, ಚೀಟಿ ತಿದ್ದಿ ಎಂದು ಮತ್ತೆ ಬರೆದಿದ್ದೇನೆ. ಅದಕ್ಕೆ ಇನ್ನೂ ಉತ್ತರವಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ಬಟ್ಟೆಗೆ ಎರಡು, ಇಂಥ ತಂಡದ ಟೋಪಿಯನ್ನೂ ಹೊಲಿಯಬೇಕು ಎಂದು ಯಾರಿಗೋ ಅನ್ನಿಸಿತಲ್ಲ, ಅದಕ್ಕೆ ಒಂದು. ಕೊಳ್ಳುವವರು ಬಕಲ್ ಬದಲು ಪ್ಲಾಸ್ಟಿಕ್ ಪಟ್ಟಿಯದು ಸಿಕ್ಕರೆ ಅದನ್ನೇ ತರಿಸಿ. ಅಳತೆ ಸ್ವಲ್ಪ ದೊಡ್ಡದೇ ಬರುತ್ತದೆ, ಎಣ್ಣೆ ಹಚ್ಚಿ ಜಡೆ ಹಾಕಿದವರಿಗೂ ಸಾಕು.

ಹುಟ್ಟುಹಬ್ಬದ ತನಕ ಕಾಯುವುದು ನನ್ನಿಂದಾಗಲಿಲ್ಲ. ಮೊನ್ನೆ ಭಾನುವಾರ ಕೊಟ್ಟೇಬಿಟ್ಟೆ, ಚೀಟಿಯಲ್ಲಿ ಪೆನ್ನಿಂದ 2009, 2010 ಸೇರಿಸಿ. ಅಜ್ಜ ಎಮ್ಮೆಯ ವಿಷಯ ಎತ್ತಲಿಲ್ಲ. ಟೋಪಿಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿದರು, ಮೂಸಿದರು, ಚಾಚನ್ನು ಎರಡೂ ಕೈಯಲ್ಲಿ ಬಗ್ಗಿಸಿ ಕಾಫಿ ಮಗ್ಗಿನ ಬಾಯಿಗೆ ತುರುಕಿದರು. ರಾತ್ರಿಯೆಲ್ಲ ಹಾಗೇ ಇದ್ದರೆ ಸರಿಯಾಗಿ ಬಾಗುತ್ತದಂತೆ.

ಮರುದಿನ ಸಂಜೆ ಅದೇ ಟೋಪಿಯಲ್ಲಿ ಅಂಗಳದ ನಿಂಬೆ ಗಿಡಕ್ಕೆ ನೀರು ಹಾಕುತ್ತಿದ್ದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹುಡುಗ ನಿಂತು ಕೇಳಿದ, "ಚೆನ್ನಾಗಿದೆ ಟೋಪಿ. ಇವರ ಆಟ ಯಾವಾಗ?"

ಅಜ್ಜ ಪೈಪು ಕೆಳಗಿಡಲೂ ಇಲ್ಲ. "ಇವತ್ತೇ, ಏಳು ಗಂಟೆಗೆ. ಹೈ ಕಾರ್ಬೆಟ್‌ನಲ್ಲಿ. ಸ್ವೆಟರ್ ಬೇಡ, ಕಡಲೆಕಾಯಿಗೆ ಚಿಲ್ಲರೆ ತಗೊಂಡು ಬಾ" ಅಂದರು.